ಜಡೇಗೌಡನ ದಾರ, ಸಾಹೇಬರ ಕೋಳಿ

ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗ ಕೇಳುವುದು ಆನೆಯ ವಿಷಯ. ಎಷ್ಟು ಸಲ ಅಟ್ಟಿಸಿಕೊಂಡು ಬಂತು, ಹೇಗೆ ತಪ್ಪಿಸಿಕೊಂಡಿರಿ ಎನ್ನುತ್ತಾರೆ. ಆನೆ ಅಟ್ಟಿಸಿಕೊಂಡು ಬಂತು, ಓಡಿದೆ, ಬದುಕಿದೆ. ಅದರಲ್ಲಿ ಹೇಳುವುದಕ್ಕೆ ಏನಿದೆ? ತಾಳವಾಡಿ ಬೆಟ್ಟದಲ್ಲಿ ಆನೆಗೆ ಬೆನ್ನು ತೋರಿಸಿ ಓಡದವನು ಯಾರಿದ್ದಾನೆ? ನನ್ನನ್ನು ನಿಜವಾಗಿ ಕೆಡವಿದ್ದು ಒಂದು ಹಕ್ಕಿ. ಅದೂ ನಮ್ಮ ಬೆಟ್ಟದಲ್ಲಿ ಎಂದೂ ಇಲ್ಲದ, ನಾನು ಕಣ್ಣಾರೆ ಕಂಡಿಲ್ಲದ, ಒಂದು ಫಾರಂನ ಹದಿನಾಲ್ಕನೇ ಸಾಲಿನಲ್ಲಿ ಮಾತ್ರ ಬದುಕಿದ್ದ ಹಕ್ಕಿ.

ನಾನು ಗೆಟ್ಟವಾಡಿಯವನು. ನಮ್ಮ ತಾಳವಾಡಿ ಸೀಮೆಯ ಮಾತು ಕನ್ನಡ, ಸರ್ಕಾರ ಮಾತ್ರ ತಮಿಳುನಾಡಿನದು. ಅಪ್ಪ ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವರು. ಶಾಲೆಯಲ್ಲಿ ತಮಿಳು ಚೆನ್ನಾಗಿ ಕಲಿತದ್ದರಿಂದ ನನಗೆ ಫಾರೆಸ್ಟ್ ಗಾರ್ಡ್ ಕೆಲಸ ಸಿಕ್ಕಿತು. ಯಾವ ವರ್ಷ ಭುಜದ ಮೇಲೆ ಯಾವ ಪಟ್ಟಿ ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಬರೆಯುವವರು ಬೇರೆ ಇದ್ದಾರೆ. ಪಾಪ, ಅವರಿಗೆ ಬರೆಯುವುದಕ್ಕೆ ಬೇರೇನೂ ಇರುವುದಿಲ್ಲ.

ನನ್ನ ಪಾಲಿಗೆ ಬಂದ ಜಾಗಗಳಲ್ಲಿ ಕರಿಕಲ್ಲು ಬಾರೆ ಎಂಬ ಇಳಿಜಾರು ಒಂದು. ಕೆಳಗೆ ರಾಗಿ ಹೊಲ, ಮೇಲೆ ಕಾಡು, ನಡುವೆ ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಮುಳ್ಳುಪೊದೆ, ಕರಿಬಂಡೆ. ನನಗಿಂತ ಮೊದಲಿದ್ದ ಗಾರ್ಡು ಅಲ್ಲಿಗೆ ವರ್ಷಕ್ಕೊಮ್ಮೆ ಹೋಗುತ್ತಿದ್ದನಂತೆ, ಅದೂ ದಾರಿ ತಪ್ಪಿ. ಮೇಲಿನವರ ಕಣ್ಣಿಗೆ ಅದು ಬರೀ ಬೀಳು. ಮರವಿಲ್ಲದ ನೆಲವನ್ನು ಕಾಡು ಎಂದು ಒಪ್ಪಿಕೊಳ್ಳುವುದು ನಮ್ಮ ಸಾಹೇಬರುಗಳಿಗೆ ಬಹಳ ಕಷ್ಟ.

ಆ ಬೀಳಿನ ತುಂಬ ಗೌಜಲಕ್ಕಿ. ತಮಿಳಿನವರು ಕೌದಾರಿ ಎನ್ನುತ್ತಾರೆ. ಅರ್ಧ ಬೆಳೆದ ಕೋಳಿಯಷ್ಟು ಗಾತ್ರ, ಮೈತುಂಬ ಬೂದು ಕಂದು ಬಣ್ಣದ ಸಣ್ಣ ಸಣ್ಣ ಗೀರು, ಕತ್ತಿನ ಕೆಳಗೆ ಮಾಸಲು ಹಳದಿ, ಅದರ ಸುತ್ತ ಕರೀದಾರ ಕಟ್ಟಿದ ಹಾಗೆ ಒಂದು ಗೆರೆ, ಕೆಂಪು ಕಾಲು. ಗಂಡಿನ ಕಾಲಿಗೆ ಮುಳ್ಳು ಇರುತ್ತದೆ. ಹಾರಲು ಬರುತ್ತದೆ, ಆದರೆ ಹಾರುವುದಿಲ್ಲ, ಓಡುತ್ತದೆ. ತೀರಾ ಕಾಲಡಿಗೆ ಹೋದಾಗ ಮಾತ್ರ ಬುರ್ರನೆ ಎದ್ದು ಎದೆ ನಡುಗಿಸಿ ನಾಲ್ಕು ಮಾರು ಆಚೆ ಇಳಿದು ಮತ್ತೆ ಓಡುತ್ತದೆ. ಗೆದ್ದಲು, ಹುಳು, ಉದುರಿದ ಕಾಳು ತಿನ್ನುತ್ತದೆ. ಮಲಗುವುದು ಮುಳ್ಳುಗಿಡದ ಮೇಲೆ, ಮೊಟ್ಟೆ ಇಡುವುದು ಮಾತ್ರ ನೆಲದಲ್ಲಿ, ಹುಲ್ಲಿನ ಬುಡದಲ್ಲಿ. ಬಂಡೆಗಳ ಕಡೆ ಇನ್ನೊಂದು ಜಾತಿ ಇತ್ತು, ಕಪ್ಪು ಮೈಮೇಲೆ ಬಿಳಿ ಚುಕ್ಕೆ ಇರುವುದು; ಮಳೆಗಾಲದಲ್ಲಿ ಬಂಡೆ ಹತ್ತಿ ಕರ್ಕಶವಾಗಿ ಕೂಗುತ್ತಿತ್ತು. ನನ್ನ ಮೊದಲ ಸಾಹೇಬರಿಗೆ ಇವೆರಡರ ವ್ಯತ್ಯಾಸ ವಿವರಿಸಲು ಹೋದೆ. ಅವರು ಜೀಪಿನಿಂದ ಇಳಿಯದೆ, "ಎರಡರಲ್ಲಿ ಸಾರಿಗೆ ಯಾವುದು ಚೆನ್ನ?" ಎಂದು ಕೇಳಿದರು. ವನ್ಯಜೀವಿ ಸಂರಕ್ಷಣೆಯ ಬಗ್ಗೆ ಅವರು ನನಗೆ ಕೇಳಿದ ಪ್ರಶ್ನೆ ಅದೊಂದೇ.

ಸಾಹೇಬರನ್ನು ಮಾತ್ರ ಹೀಯಾಳಿಸಿದರೆ ನ್ಯಾಯವಲ್ಲ. ನಾನೂ ಆಗ ಕಡಿಮೆ ಪೆದ್ದನಲ್ಲ. ಕೆಲಸ ಮಾಡಿ ತೋರಿಸಬೇಕೆಂಬ ಹುರುಪಿನಲ್ಲಿ ಬಾರೆಯ ಹುಲ್ಲನ್ನೆಲ್ಲ ಕೋಲಿನಿಂದ ಸರಿಸಿ ಸರಿಸಿ ಗೂಡು ಹುಡುಕಿದೆ. ಒಂದರಲ್ಲಿ ಎಂಟು ಮೊಟ್ಟೆ ಸಿಕ್ಕವು. ಪುಸ್ತಕದಲ್ಲಿ ಗುರುತು ಮಾಡಿಕೊಂಡು, ಏನೋ ಸಾಧಿಸಿದವನ ಹಾಗೆ ಎದೆಯುಬ್ಬಿಸಿಕೊಂಡು ಇಳಿದು ಬಂದೆ. ಮೂರನೇ ದಿನ ಜಡೇಗೌಡ ಎದುರಾದ.

ಜಡೇಗೌಡ ಬಾರೆಯ ಮೇಲಿನ ಪೋಡಿನ, ಅಂದರೆ ಕಾಡಿನ ಹಟ್ಟಿಯ, ಸೋಲಿಗ. ನಮ್ಮಲ್ಲಿ ಹಂಗಾಮಿ ವಾಚರ್. ನನಗಿಂತ ನಾಲ್ಕಾರು ವರ್ಷ ದೊಡ್ಡವನು. ಓದು ಬಾರದು, ಆದರೆ ಆ ಕಾಡಿನಲ್ಲಿ ಅವನಿಗೆ ತಿಳಿಯದ ಸದ್ದಿಲ್ಲ.

"ಏನ್ ಗಾರ್ಡಯ್ಯ, ಮೊಟ್ಟ ಎಣಿಸಕ್ಕ ಓಗಿದ್ರಂತಲ್ಲ?" ಎಂದ.

"ಎಂಟ್ ಇದ್ದೋ ಕಣ ಗೌಡ" ಎಂದೆ ಜಂಬದಿಂದ.

"ಇದ್ದೋ ಅನ್ನಿ. ಈಗ ಒಂದೂ ಇಲ್ಲ. ನೀವ್ ತುಳ್ದು ಮಾಡಿದ್ ದಾರೀಲೇ ಮುಂಗ್ಸಿ ಬಂದು ಅಷ್ಟನ್ನೂ ತಿಂದ್ಬುಟ್ಟು ಓಯ್ತು. ಅದ್ಕ ಉಲ್ಲ ಸರ್ಸಿ ದಾರಿ ತೋರ್ಸ್ದೋರು ನೀವೇ."

ಅವನು ಬೈಯಲಿಲ್ಲ. "ಗೂಡ ನೋಡ್ಬ್ಯಾಡಿ. ಕೂಗ ಕೇಳಿ. ದೇವ್ರು ಕಿವಿ ಕೊಟ್ಟಿಲ್ವಾ?" ಎಂದು ನಡೆದುಬಿಟ್ಟ. ಈಗ ಸೇರುವವರಿಗೆ ನಾನು ಕೊಡುವ ತರಬೇತಿ ಇಷ್ಟೇ. ತರಬೇತಿ ಕೇಂದ್ರದಲ್ಲಿ ಆರು ತಿಂಗಳು ಪೆರೇಡು ಮಾಡಿಸಿದವರಿಗೆ ಇದು ಗೊತ್ತಿರಲಿಲ್ಲ.

ಆ ವರ್ಷದಿಂದ ಜಡೇಗೌಡನ ಜೊತೆ ಎಣಿಕೆಗೆ ಹೋಗತೊಡಗಿದೆ. ಅವನ ಎಣಿಕೆಗೆ ಪೆನ್ನು ಬೇಡ, ಪುಸ್ತಕ ಬೇಡ. ಯುಗಾದಿ ಕಳೆದು ಮೊದಲ ಮಳೆ ಬಿದ್ದ ಮಾರನೇ ದಿನ, ಬೆಳಕು ಹರಿಯುವ ಹೊತ್ತಿಗೆ, ಕತ್ತಾಳೆ ನಾರಿನ ದಾರವೊಂದನ್ನು ಹಿಡಿದು ಬಾರೆಯ ಈ ತುದಿಯಿಂದ ಆ ತುದಿಗೆ ನಿಧಾನ ನಡೆಯುತ್ತಿದ್ದ. ಒಂದು ಗಂಡು "ಕ-ಟೀ-ಟರ್, ಕ-ಟೀ-ಟರ್" ಎಂದು ಕೂಗಿದರೆ ಒಂದು ಗಂಟು. ಅದಕ್ಕೆ ಹೆಣ್ಣು ದನಿಗೂಡಿಸಿದರೆ ಅದೇ ಗಂಟಿನ ಮೇಲೆ ಇನ್ನೊಂದು. ಕೂಗು ಕೇಳಿತೋ ಇಲ್ಲವೋ ಎಂಬ ಅನುಮಾನ ಬಂದರೆ ಗಂಟಿಲ್ಲ. ನಾನು ಒಮ್ಮೆ, "ಆಚೆ ಪೊದೆಲಿ ಕೂಗ್ದಂಗಾಯ್ತು, ಆಕು" ಎಂದೆ. "ಕೂಗ್ದಂಗಾದ್ದಕ್ಕ ಗಂಟ್ ಆಕಕ್ಕಾದ್ದಾ?" ಎಂದು ಮುಂದೆ ಹೋದ.

ವರ್ಷಕ್ಕೊಂದು ದಾರ. ಅವನ ಗುಡಿಸಲಿನ ಒಳಗೋಡೆಯಲ್ಲಿ ಒಂದೇ ಮೊಳೆಗೆ ಅವೆಲ್ಲ ತೂಗುತ್ತಿದ್ದವು. ಬೆಂಕಿ ಬಿದ್ದ ವರ್ಷದ ದಾರದಲ್ಲಿ ಗಂಟು ಕಡಿಮೆ, ಒಳ್ಳೆ ಮಳೆಯಾದ ವರ್ಷದ್ದರಲ್ಲಿ ಒತ್ತೊತ್ತಾಗಿ ಮೂವತ್ತರ ಮೇಲೆ. ಕಚೇರಿಯ ಬೀರುವಿನಲ್ಲಿದ್ದ ಫೈಲುಗಳಲ್ಲಿ ಬೆಂಕಿ ಬಿದ್ದ ವರ್ಷವೂ ಮಳೆಯಾದ ವರ್ಷವೂ ಒಂದೇ ಅಂಕಿ, ಹಿಂದಿನ ವರ್ಷದ ಹಾಳೆ ನೋಡಿ ಬರೆದದ್ದು. ಬೀರುವಿಗೆ ಬೀಗ ಹಾಕಿ ಕಾಯುತ್ತಿದ್ದೆವು.

ಒಂದು ಸಲ ಬಾರೆಯಲ್ಲಿ ಬಲೆಗಾರನೊಬ್ಬನನ್ನು ಹಿಡಿದೆವು. ಪಂಜರದಲ್ಲಿ ಸಾಕಿದ ಗಂಡು ಗೌಜಲನ್ನು ಹುಲ್ಲಿನಲ್ಲಿ ಇಟ್ಟು, ಸುತ್ತ ಉರುಳು ಹಾಕುವುದು ಅವನ ಕಸುಬು. ಪಂಜರದ್ದು ಕೂಗಿದರೆ ಜಾಗದ ಯಜಮಾನ ನಾನು ಎಂದು ಕಾಡಿನ ಗಂಡು ಜಗಳಕ್ಕೆ ನುಗ್ಗಿ ಬಂದು ಉರುಳಿಗೆ ಬೀಳುತ್ತದೆ. ಆಗಿನ ಸಾಹೇಬರು ಪಂಜರವನ್ನು ಸಾಕ್ಷಿಯೆಂದು ಕಚೇರಿಯ ಜಗಲಿಯಲ್ಲೇ ಇಡಿಸಿದರು. ಅದು ಸುಮ್ಮನಿರುತ್ತದೆಯೇ? ಬೆಳಿಗ್ಗೆಯಿಂದ ಕೂಗು. ಸುತ್ತಲ ಹೊಲಗಳ ಗಂಡುಗಳೆಲ್ಲ ಕಚೇರಿಯ ಅಂಗಳಕ್ಕೆ ಬಂದು ಕಾಲು ಕೆರೆಯತೊಡಗಿದವು. ಸಾಹೇಬರು ಅವುಗಳ ಫೋಟೋ ತೆಗೆಸಿ, ನಮ್ಮ ಪರಿಶ್ರಮದಿಂದ ಸಂತತಿ ಹೆಚ್ಚಿದೆ ಎಂದು ಮೇಲಕ್ಕೆ ಕಳಿಸಿದರು. ಅವರಿಗೆ ಮೆಚ್ಚುಗೆ ಪತ್ರ ಬಂತು. ಅಂಗಳದ ಹಕ್ಕಿಗಳಲ್ಲಿ ಐದನ್ನು ಬೀದಿನಾಯಿಗಳು ತಿಂದವು. ಅದು ಪತ್ರದಲ್ಲಿ ಇರಲಿಲ್ಲ.

ಕಾಲ ಬದಲಾಯಿತು. ಎಲ್ಲರ ಕೈಗೂ ಫೋನು ಬಂತು, ಹುಕುಂಗಳು ಫೋನಿನಲ್ಲೇ ಬರತೊಡಗಿದವು. ನಾನು ನಿವೃತ್ತಿಯಾಗುವುದಕ್ಕೆ ಎರಡು ವರ್ಷ ಉಳಿದಿತ್ತು. ಹೊಸ ಫಾರಂ ಒಂದು ಇಳಿಯಿತು. ಎಲ್ಲೋ ಬೇರೆ ಸೀಮೆಯವರು ತಮ್ಮ ಕಾಡಿಗೆ ತಯಾರಿಸಿದ ಪಟ್ಟಿಯನ್ನು ನಮ್ಮವರು ಎತ್ತಿ ಹಾಗೇ ಹಾಕಿದ್ದರು. ಹನ್ನೆರಡನೇ ಸಾಲು ಬೂದು ಗೌಜಲು, ಹದಿಮೂರು ಚುಕ್ಕೆ ಗೌಜಲು, ಹದಿನಾಲ್ಕು ಪೀಕಾಕ್ ಫೆಸೆಂಟ್.

ಈ ಹದಿನಾಲ್ಕನೆಯದು ಏನೆಂದು ಚಿತ್ರ ಹುಡುಕಿ ನೋಡಿದೆ. ಕೋಳಿಯ ಜಾತಿ. ಬೂದು ಮೈ, ರೆಕ್ಕೆಗೂ ಬಾಲಕ್ಕೂ ನವಿಲುಗರಿಯ ಕಣ್ಣಿನಂಥ ಹೊಳೆಯುವ ಹಸಿರು ನೀಲಿ ಚುಕ್ಕೆ. ಬಹಳ ಚಂದದ ಹಕ್ಕಿ, ಬಹಳ ನಾಚಿಕೆಯದು. ಅದು ಇರುವುದು ದೇಶದ ಈಶಾನ್ಯ ಮೂಲೆಯಲ್ಲಿ, ಎಲೆ ಒಣಗದ, ತೇವ ಆರದ ದಟ್ಟ ಕಾಡಿನಲ್ಲಿ. ನಮ್ಮ ಮುಳ್ಳುಪೊದೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಜಡೇಗೌಡನಿಗೆ ಚಿತ್ರ ತೋರಿಸಿದೆ. "ಇದು ನಮ್ದಲ್ಲ" ಎಂದು ಫೋನನ್ನು ವಾಪಸ್ ಕೊಟ್ಟ.

ಆ ಸಾಲಿನಲ್ಲಿ ಅಡ್ಡಗೆರೆ ಎಳೆದು ಕಳಿಸಿದೆ. ಫಾರಂ ವಾಪಸ್ ಬಂತು: ಅಪೂರ್ಣ. ಸೊನ್ನೆ ಬರೆದೆ. ವಾಪಸ್ ಬಂತು: ಸೊನ್ನೆಯಾದರೆ ಹಿಂದೆ ಎಷ್ಟಿತ್ತು, ಯಾವಾಗಿನಿಂದ ಇಲ್ಲ, ಇಲ್ಲವಾಗಲು ಕಾರಣವೇನು, ಹೊಣೆ ಯಾರು, ಎರಡು ಪುಟ ಬರೆದು ಲಗತ್ತಿಸಿ. ನಮ್ಮಲ್ಲಿ ಈ ಹಕ್ಕಿ ಎಂದೂ ಇರಲಿಲ್ಲ ಎಂದು ಬರೆದೆ. ಮೂರನೇ ಸಲ ವಾಪಸ್ ಬಂತು: ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುವುದು.

ಅವತ್ತು ನಾನು ಹಾಸನೂರಿನಿಂದ ಬಂದು ಹಸಿದು ಕೂತಿದ್ದೆ. ರೋಸಿಹೋಗಿತ್ತು. ಪೆನ್ನು ತೆಗೆದು ಹದಿನಾಲ್ಕನೇ ಸಾಲಿನಲ್ಲಿ "1" ಎಂದು ಬರೆದೆ. ಸ್ಥಳ ಎಂಬ ಜಾಗದಲ್ಲಿ ಮೊದಲು ಕೈಗೆ ಬಂದ ಹೆಸರು ಗೀಚಿದೆ: ಕರಿಕಲ್ಲು ಬಾರೆ. ಫಾರಂ ವಾಪಸ್ ಬರಲಿಲ್ಲ. ನಾಲ್ಕು ದಿನ ಸುಖವಾಗಿ ಊಟ ಮಾಡಿದೆ. ಮಾಡಿದ ಕೆಲಸ ಎಂಥದೆಂದು ಹೊಳೆಯದಷ್ಟು ಮಂದಬುದ್ಧಿ ನನ್ನದು.

ನಮ್ಮ ಕಡೆಯ ಗುಮಟಾಪುರದಲ್ಲಿ ದೀಪಾವಳಿ ಕಳೆದ ಮೇಲೆ ಹಬ್ಬವೆಂದು ಸಗಣಿ ಎರಚಾಡುವವರು ಆಮೇಲೆ ಕೆರೆಯಲ್ಲಿ ಸ್ನಾನ ಮಾಡಿ ಚೊಕ್ಕಟವಾಗಿ ಮನೆಗೆ ಹೋಗುತ್ತಾರೆ. ಕಚೇರಿಯ ಕಾಗದದಲ್ಲಿ ಒಮ್ಮೆ ಎರಚಿಕೊಂಡದ್ದನ್ನು ತೊಳೆಯುವುದಕ್ಕೆ ಕೆರೆ ಇಲ್ಲ. ನಾನು ಬರೆದ ಆ ಅಂಕಿಗೆ ಒಬ್ಬರು ಪರಿಶೀಲಿಸಿದೆ ಎಂದು ಸಹಿ ಹಾಕಿದರು, ಇನ್ನೊಬ್ಬರು ದೃಢೀಕರಿಸಿದೆ ಎಂದರು, ಮೂರನೆಯವರು ಅಪೂರ್ವ ದಾಖಲೆ ಎಂದರು. ವರ್ಷ ತುಂಬುವುದರೊಳಗೆ ಹೊಸದಾಗಿ ಬಂದ ದೊಡ್ಡ ಸಾಹೇಬರು ಬಾರೆಗೇ ಬಂದು ಇಳಿದರು. ದಕ್ಷಿಣದಲ್ಲೇ ಕೊನೆಯದಾಗಿ ಉಳಿದಿರುವ ಆ ಒಂಟಿ ಹಕ್ಕಿಯನ್ನು ಉಳಿಸಬೇಕು, ಅದಕ್ಕೆ ಜೊತೆ ತಂದು ಬಿಡಬೇಕು, ಬಾರೆಯನ್ನು ಅದಕ್ಕೆ ತಕ್ಕ ಹಾಗೆ ತಿದ್ದಬೇಕು ಎಂದು ಯೋಜನೆ.

ಹಕ್ಕಿ ಬಲ್ಲ ಒಬ್ಬ ಮೇಷ್ಟ್ರನ್ನು ಸಲಹೆಗೆ ಕರೆಸಿದ್ದರು. ಅವರು ಬಾರೆ ನೋಡಿ ಕಂಗಾಲಾಗಿ, "ಇದು ತೇವದ ಕಾಡಿನ ಹಕ್ಕಿ ಸರ್, ಈ ಒಣನೆಲದಲ್ಲಿ ಇರಲು ಸಾಧ್ಯವೇ ಇಲ್ಲ" ಎಂದರು. ಸಾಹೇಬರು ನಮ್ಮ ಕಡೆ ತಿರುಗಿ, "ಹಾಗಾದರೆ ತೇವ ಮಾಡಿ" ಎಂದರು. ಮೇಷ್ಟ್ರು ಊಟಕ್ಕೂ ನಿಲ್ಲದೆ ಹೋದರು.

ತೇವ ಮಾಡುವುದೆಂದರೆ ಹುಲ್ಲು ಕೆರೆದು ತೆಗೆಯುವುದು, ಗುಂಡಿ ತೋಡಿ ಸಸಿ ನೆಡುವುದು, ಪೈಪು ಎಳೆಯುವುದು, ಸುತ್ತ ಬೇಲಿ, ಮೇಲೆ ಹಸಿರು ಬಲೆ. ಜೆಸಿಬಿ ಬರುವ ದಿನ ನಿಗದಿಯಾಯಿತು. ಅದು ಬಾರೆಯ ಹುಲ್ಲಿನ ಬುಡದಲ್ಲೆಲ್ಲ ಗೌಜಲುಗಳು ಕಾವಿಗೆ ಕೂತಿದ್ದ ತಿಂಗಳು. ಆಗ ನನಗೆ ನಿದ್ದೆ ಹಾರಿತು. ಹಾಳೆಯ ಮೇಲೆ ಎಲ್ಲವನ್ನೂ ಬರೆದೆ: ಹದಿನಾಲ್ಕನೇ ಸಾಲಿನ ಅಂಕಿ ಸುಳ್ಳು, ನಾನೇ ಬರೆದದ್ದು, ಬಾರೆಯನ್ನು ಮುಟ್ಟಬೇಡಿ. ಅದನ್ನು ಹಿಡಿದು ಸಾಹೇಬರ ಮುಂದೆ ನಿಂತೆ.

ಅವರು ಓದಿದರು. ಸಿಟ್ಟಾಗಲಿಲ್ಲ. ತಮಿಳಿನಲ್ಲಿ ಬಹಳ ಮೃದುವಾಗಿ ಹೇಳಿದರು. "ನೀವು ಸುಳ್ಳು ಬರೆದಿರಿ ಅಂತಾದರೆ, ಮೇಲೆ ಸಹಿ ಹಾಕಿದ ಮೂವರೂ ಸುಳ್ಳರೇ?"

"ಇಲ್ಲ ಅಯ್ಯಾ, ಅವರು ನೋಡಿಲ್ಲ."

"ನೋಡದೆ ಸಹಿ ಹಾಕಿದರು ಅಂತ ಹೇಳುತ್ತೀರಾ?"

ಅವರು ಕಾಗದವನ್ನು ಇನ್ನೊಮ್ಮೆ ಓದಿದರು.

"ಇನ್ನೊಂದು ಮಾತು. ಕಾಗದದಲ್ಲಿ ಹಕ್ಕಿ ಇದೆ. ನೀವು ಈಗ ಇಲ್ಲ ಅಂದರೆ, ಅದು ಎಲ್ಲಿ ಹೋಯಿತು ಅಂತ ಕೇಳುತ್ತಾರೆ. ಅಪರೂಪದ ಹಕ್ಕಿ, ನಿಮ್ಮ ಬೀಟು, ನಿಮ್ಮ ಕಾವಲು. ನಿವೃತ್ತಿಗೆ ಎಷ್ಟು ತಿಂಗಳಿದೆ?"

"ಮೂರು."

ಅವರು ಕಾಗದವನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು. ಹರಿಯಲಿಲ್ಲ, ಬೆದರಿಸಲಿಲ್ಲ. ಅದನ್ನು ಅಲ್ಲೇ ಬಿಟ್ಟು ಬರಬಹುದಿತ್ತು. ನಾನು ಮಡಿಸಿ ಜೇಬಿಗೆ ಹಾಕಿಕೊಂಡೆ. ಮೂವತ್ತಮೂರು ವರ್ಷದ ನೌಕರಿಯಲ್ಲಿ ನಾನು ಮಾಡಿದ ಅತ್ಯಂತ ಹೇಡಿ ಕೆಲಸ ಅದು. ಆನೆಯ ಮುಂದೆ ಓಡಿದ್ದಕ್ಕೆ ನನಗೆ ನಾಚಿಕೆಯಿಲ್ಲ, ಇದಕ್ಕೆ ಇದೆ.

ಮಾರನೇ ದಿನ ಜೆಸಿಬಿ ಬಾರೆ ಹತ್ತಿತು. ಜಡೇಗೌಡ ಅದರ ಮುಂದೆ ಮುಂದೆ ಕೋಲು ಬಡಿಯುತ್ತ, ಕಾವಿಗೆ ಕೂತವನ್ನು ಎಬ್ಬಿಸುತ್ತ ಓಡುತ್ತಿದ್ದ. ಕಾವಿಗೆ ಕೂತ ಗೌಜಲು ಅಷ್ಟು ಸುಲಭಕ್ಕೆ ಏಳುವುದಿಲ್ಲ, ನೆಲಕ್ಕೆ ಅಂಟಿಕೊಂಡು ಕಣ್ಣು ಬಿಟ್ಟುಕೊಂಡು ಕೂತೇ ಇರುತ್ತದೆ. ಒಂದು ಎದ್ದರೆ ಎರಡು ಏಳುತ್ತಿರಲಿಲ್ಲ. ಅವನು ಏದುಸಿರು ಬಿಡುತ್ತ ನನ್ನ ಹತ್ತಿರ ಬಂದ.

"ನಿಲ್ಸಿ ಅನ್ನಿ ಗಾರ್ಡಯ್ಯ. ಕಾಕಿ ಆಕಿರೋರು ನೀವು. ಇನ್ನೊಂದ್ ತಿಂಗ್ಳು ತಡೀಲಿ, ಮರಿ ಎದ್ದು ಓಡ್ಬುಡ್ತವ. ಆಮೇಲ ಬೇಕಾದ್ದ ಮಾಡ್ಕಳ್ಳಿ."

"ಆಗಲ್ಲ ಗೌಡ."

"ಯಾಕ ಆಗಲ್ಲ? ಯಾವ್ದೋ ಕೋಳಿಗ ಅಂತಾರ. ಆ ಕೋಳಿ ಇಲ್ಲಿ ಎಲ್ಲದ? ಯಾರ್ ಏಳಿದ್ದು ಅದು ಇದ್ದದು ಅಂತ?"

"ನಾನೇ ಬರ್ದಿದ್ದು."

ಅವನಿಗೆ ಅರ್ಥವಾಗಲಿಲ್ಲ. ನನ್ನ ಮುಖವನ್ನೇ ನೋಡಿದ. "ನೋಡಿದ್ರಾ ನೀವು?"

"ಇಲ್ಲ. ಫಾರಂ ವಾಪಸ್ ವಾಪಸ್ ಬತ್ತಿತ್ತು. ಒಂದು ಅಂತ ಬರ್ದ್ಬುಟ್ಟೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಕೋಲು ಎತ್ತಿಕೊಂಡು ಮತ್ತೆ ಜೆಸಿಬಿಯ ಮುಂದೆ ಹೋದ. ಮಧ್ಯಾಹ್ನದ ಹೊತ್ತಿಗೆ ಬಾರೆ ಬೋಳಾಗಿತ್ತು. ಅಲ್ಲಲ್ಲಿ ಕೆಂಪು ಮಣ್ಣಿನಲ್ಲಿ ಕೆನೆಬಣ್ಣದ ಮೊಟ್ಟೆಚಿಪ್ಪು ಬಿದ್ದಿತ್ತು. ಫೋಟೋ ತೆಗೆಯಲು ಬಂದವರು ಅದು ಕಾಣದ ಹಾಗೆ ನಿಂತು ತೆಗೆದರು.

ಯೋಜನೆಯ ಮುಂದಿನ ಕಥೆ ಬೇಗ ಮುಗಿಯುತ್ತದೆ. ಸಸಿಗಳು ಮೊದಲ ಬೇಸಿಗೆಗೇ ಒಣಗಿದವು. ಜೊತೆಹಕ್ಕಿ ತರುವ ಕಾಗದ ಯಾವುದೋ ಮೇಜಿನಲ್ಲಿ ಈಗಲೂ ಇದೆಯಂತೆ. ಪೈಪಿನಲ್ಲಿ ನೀರಿದೆಯೆಂದು ತಿಳಿದು ಆನೆಗಳು ಬಂದು ಬೇಲಿ ಮುರಿದು, ಪೈಪು ಕಿತ್ತು, ಹಸಿರು ಬಲೆಯನ್ನು ತುಳಿದು ಹೋದವು. ಇಡೀ ಯೋಜನೆಯನ್ನು ಸರಿಯಾಗಿ ಪರಿಶೀಲಿಸಿದವು ಅವು ಮಾತ್ರ. ಹುಲ್ಲು ಹೋದ ನೆಲಕ್ಕೆ ಲಂಟಾನ ನುಗ್ಗಿತು. ಉಳಿದ ಗೌಜಲುಗಳು ಕೆಳಗಿನ ರಾಗಿ ಹೊಲದ ಬದುವಿಗೆ ಇಳಿದವು. ಅಲ್ಲಿ ನಾಯಿ, ಉರುಳು, ಔಷಧಿ ಹೊಡೆದ ಹುಳು ಅವಕ್ಕಾಗಿ ಕಾದಿದ್ದವು. ಬಾರೆಯ ಬಾಯಲ್ಲಿ ಮಾತ್ರ ದೊಡ್ಡ ಬೋರ್ಡು ನೆಟ್ಟಗೆ ನಿಂತಿದೆ. ನಾನು ಎಂದೂ ನೋಡದ ಹಕ್ಕಿಯ ಬಣ್ಣದ ಚಿತ್ರ, ಕೆಳಗೆ ಅದನ್ನು ಮೊದಲು ಕಂಡವನೆಂದು ನನ್ನ ಹೆಸರು. ಊರವರು ಅದನ್ನು ಸಾಹೇಬರ ಕೋಳಿ ಎನ್ನುತ್ತಾರೆ. ನಾನು ಅತ್ತ ಹೋದರೆ, "ಏನಣ್ಣ, ನಿನ್ ಕೋಳಿ ಮೊಟ್ಟ ಇಟ್ಟದಾ?" ಎಂದು ಕೇಳುತ್ತಾರೆ. ಕೇಳಲಿ, ಅವರಿಗೆ ಆ ಹಕ್ಕಿದೆ.

ಬೀಳ್ಕೊಡುವ ದಿನ ಸಾಹೇಬರು ನನಗೆ ಶಾಲು ಹೊದಿಸಿ, ಆ ಒಂಟಿ ಹಕ್ಕಿಯನ್ನು ಗುರುತಿಸಿದ ತೀಕ್ಷ್ಣ ದೃಷ್ಟಿಯವನು ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಜಡೇಗೌಡ ಬಂದಿರಲಿಲ್ಲ.

ಈ ವರ್ಷ ಯುಗಾದಿ ಕಳೆದು ಮೊದಲ ಮಳೆ ಬಿತ್ತು. ಮನಸ್ಸು ತಡೆಯದೆ ಮಾರನೇ ದಿನ ಪೋಡಿಗೆ ಹೋದೆ. ಜಡೇಗೌಡ ಆಗ ತಾನೇ ಬಾರೆಯಿಂದ ಹತ್ತಿ ಬಂದು ಜಗಲಿಯಲ್ಲಿ ಕೂತಿದ್ದ. ಕಾಲಿಗೆ ಕೆಂಪು ಮಣ್ಣು ಅಂಟಿತ್ತು. ನೀರು ಕೊಟ್ಟ, ಕುಡಿದೆ.

"ಓಗಿದ್ಯಾ ಗೌಡ?" ಎಂದೆ.

"ಓಗಿದ್ದಿ. ಈ ತುದಿಯಿಂದ ಆ ತುದಿ ಗಂಟ. ಎಲ್ಡ್ ದಪ ನಡ್ದಿ" ಎಂದ. ಮಡಿಲಿನಿಂದ ಈ ವರ್ಷದ ದಾರ ತೆಗೆದು ನನ್ನ ಕೈಗೆ ಕೊಟ್ಟ. ಹೊಸ ಕತ್ತಾಳೆ ನಾರು, ಉದ್ದಕ್ಕೂ ನುಣುಪು. ಬೆರಳಿಂದ ಎರಡು ಸಲ ಸವರಿ ನೋಡಿದೆ. ಒಂದು ಗಂಟೂ ಇರಲಿಲ್ಲ.

"ಒಂದೂ ಕೂಗ್ನಿಲ್ವಾ?"

"ನಾ ಕೇಳ್ನಿಲ್ಲ" ಎಂದ. ಆಮೇಲೆ, ಕೊಂಕಿಲ್ಲದೆ, ನಿಜವಾಗಿಯೇ ಕೇಳುವವನ ಹಾಗೆ ಹೇಳಿದ: "ನೀವ್ ಬರ್ದಿದ್ರಲ್ಲ ಒಂದು, ಅದು ಎಲ್ಲಾರ ಕೂಗಿದ್ದ ಕೇಳಿದ್ರ, ಒಂದ್ ಗಂಟ್ ನೀವೇ ಆಕಿ ಗಾರ್ಡಯ್ಯ. ದಾರ ಬರಿದಾಗ್ಬುಟ್ಟದ."

ನಾನು ದಾರವನ್ನು ಹಾಗೇ ಅವನ ಕೈಗೆ ವಾಪಸ್ ಕೊಟ್ಟೆ. ಅವನು ಎದ್ದು ಒಳಗೆ ಹೋಗಿ, ಹಳೆಯ ದಾರಗಳ ಜೊತೆ ಅದೇ ಮೊಳೆಗೆ ನೇತುಹಾಕಿದ.